ನಿಂತ ಕಾರಿನ ಬ್ಯಾಟರಿ ಇಳಿಯುವುದೇಕೆ? ನಾಲ್ಕನೆಯ ಬ್ಯಾಟರಿಗೆ ಮೊದಲು ಒಂದು ಅಳತೆ

ಪ್ರಶ್ನೆ: ನಮ್ಮ ಮನೆ ಕಾರವಾರದ ಸದಾಶಿವಗಡದಲ್ಲಿ, ಸಮುದ್ರಕ್ಕೆ ಹತ್ತಿರದಲ್ಲಿದೆ. 2006ರ ಮಾರುತಿ 800 ಕಾರನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ. ಮಗ ಬೆಂಗಳೂರಿಗೆ ಹೋದ ಮೇಲೆ ಕಾರು ಹೊರಗೆ ಬರುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಅದೂ ಕಾಳಿ ಸೇತುವೆ ದಾಟಿ ಪೇಟೆಗೆ ಹೋಗಿ ಬರುವುದಕ್ಕೆ ಮಾತ್ರ. ಒಂದು ವಾರ ನಿಂತರೆ ಸೆಲ್ಫ್ ಕಷ್ಟಪಟ್ಟು ತಿರುಗುತ್ತದೆ. ಹತ್ತು ದಿನವಾದರೆ ಟಕ್ ಟಕ್ ಸದ್ದಷ್ಟೇ. ಅಕ್ಕಪಕ್ಕದವರನ್ನು ಕರೆದು ತಳ್ಳಿಸಬೇಕು. ಹೀಗೆ ಎರಡು ಬ್ಯಾಟರಿ ಹೋದವು, ಈಗಿರುವುದು ಮೂರನೆಯದು, ಅದೂ ಅದೇ ದಾರಿ ಹಿಡಿದಿದೆ. ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬದಲಿಸಿ ಎಂದು ಒಬ್ಬ ಮೆಕ್ಯಾನಿಕ್, ದೊಡ್ಡ ಬ್ಯಾಟರಿ ಹಾಕಿ ಎಂದು ಇನ್ನೊಬ್ಬರು, ಉಪ್ಪುಗಾಳಿಗೆ ಮದ್ದಿಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಶಿರಸಿಯಲ್ಲಿ ನನ್ನ ಭಾವನ ಹಳೆಯ ಬೊಲೆರೊ ತಿಂಗಳು ನಿಂತರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕೇ? ಟರ್ಮಿನಲ್ ಬಿಚ್ಚಿಟ್ಟರೆ ತೊಂದರೆಯೇ? ತೆಗೆದ ಹಳೆಯ ಬ್ಯಾಟರಿಗಳಲ್ಲಿ ಎರಡನೆಯದು ಶೆಡ್ಡಿನಲ್ಲೇ ಇದೆ, ಅದರಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಜನರ ಮೂರು ಅಭಿಪ್ರಾಯಗಳಿವೆ, ಆದರೆ ಅಳತೆಯ ಅಂಕಿ ಒಂದೂ ಇಲ್ಲ. ಎರಡು ಬ್ಯಾಟರಿಗೆ ಹಣ ಹೋದದ್ದು ಅದೇ ಕಾರಣಕ್ಕೆ ಎಂಬುದು ನನ್ನ ಅನಿಸಿಕೆ. ನಿಂತ ವಾಹನದಲ್ಲಿ ಬ್ಯಾಟರಿ ಇಳಿಯುವುದಕ್ಕೆ ಮೂಲಭೂತವಾಗಿ ಮೂರೇ ದಾರಿಗಳಿವೆ. ಬ್ಯಾಟರಿ ತನ್ನೊಳಗೆ ತುಂಬಿದ್ದನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ, ಅಥವಾ ಕೀಲಿ ತೆಗೆದ ಮೇಲೂ ಯಾವುದೋ ಉಪಕರಣ ಅದರಿಂದ ವಿದ್ಯುತ್ತನ್ನು ಎಳೆಯುತ್ತಿದೆ, ಅಥವಾ ಓಡುವಾಗ ಅದು ಪೂರ್ತಿ ತುಂಬುತ್ತಲೇ ಇಲ್ಲ. ಈ ಮೂರರಲ್ಲಿ ಯಾವುದು ಎಂದು ಬೇರ್ಪಡಿಸಲು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಪ್ಯಾನರ್ ಮತ್ತು ಒಂದು ವಾರದ ತಾಳ್ಮೆ ಸಾಕು.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಸಾಮರ್ಥ್ಯದ್ದು, ಅಂದರೆ ಒಂದು ಆಂಪಿಯರ್‌ನಂತೆ 35 ಗಂಟೆ ಕೊಡಬಲ್ಲದು ಎಂದಿಟ್ಟುಕೊಳ್ಳುತ್ತೇನೆ. ಕೀಲಿ ತೆಗೆದು ಬಾಗಿಲು ಹಾಕಿದ ಮೇಲೆ ಎಂಜಿನ್ ಕಂಪ್ಯೂಟರಿನ ನೆನಪು, ರೇಡಿಯೊದ ಗಡಿಯಾರ ಮುಂತಾದವುಗಳಿಗೆ ಹೋಗುವ ವಿದ್ಯುತ್ತು ಇಂಥ ಸರಳ ಕಾರಿನಲ್ಲಿ 20 ಮಿಲಿಆಂಪಿಯರ್ ಆಸುಪಾಸಿನಲ್ಲಿ ಇರಬೇಕು. 50 ಮಿಲಿಆಂಪಿಯರ್‌ವರೆಗೆ ಸಹಿಸಿಕೊಳ್ಳಬಹುದು. 20 ಮಿಲಿಆಂಪಿಯರ್ ಎಂದರೆ ದಿನಕ್ಕೆ ಅರ್ಧ ಆಂಪಿಯರ್-ಅವರ್ ಅಷ್ಟೇ. ಹದಿನೈದು ದಿನಕ್ಕೆ ಏಳೂವರೆಯೊಳಗೆ, ತಿಂಗಳಿಗೆ ಹದಿನೈದರೊಳಗೆ. ಕರಾವಳಿಯ ಹವೆಯಲ್ಲಿ ಬೆಳಗಿನ ಚಳಿಯ ಕಾಟವೂ ಇಲ್ಲದ್ದರಿಂದ, 10-12 ಆಂಪಿಯರ್-ಅವರ್ ಉಳಿದಿದ್ದರೂ ಆರೋಗ್ಯವಾಗಿರುವ ಬ್ಯಾಟರಿ ಈ 796 ಸಿಸಿಯ ಪುಟ್ಟ ಎಂಜಿನ್ನನ್ನು ತಿರುಗಿಸಿಬಿಡುತ್ತದೆ. ಅಂದರೆ ಎಲ್ಲವೂ ಸರಿಯಿದ್ದರೆ ನಿಮ್ಮ ಕಾರೂ ಭಾವನ ಬೊಲೆರೊದ ಹಾಗೆ ತಿಂಗಳ ಮೇಲೆ ಸ್ಟಾರ್ಟ್ ಆಗಬೇಕಿತ್ತು. ಹತ್ತೇ ದಿನಕ್ಕೆ ಸೋಲುತ್ತಿದೆ ಎಂದರೆ, ಬ್ಯಾಟರಿ ಪೂರ್ತಿ ತುಂಬಿತ್ತು ಎಂದು ಭಾವಿಸಿದಲ್ಲಿ, ದಿನಕ್ಕೆ ಎರಡೂವರೆ ಆಂಪಿಯರ್-ಅವರ್, ಅಂದರೆ ಸುಮಾರು 100 ಮಿಲಿಆಂಪಿಯರ್ ಎಲ್ಲಿಗೋ ಹೋಗುತ್ತಿದೆ. ಅದು ಪೂರ್ತಿ ತುಂಬಿಯೇ ಇರಲಿಲ್ಲವಾದರೆ ಇದಕ್ಕಿಂತ ಕಡಿಮೆ ಸೋರಿಕೆಯೂ ಇದೇ ಫಲ ಕೊಡುತ್ತದೆ. ನಿಮ್ಮಲ್ಲಿ ಈ ಎರಡೂ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಪೇಟೆಗೆ ಹೋಗಿ ಬರುವ ಹದಿನೈದಿಪ್ಪತ್ತು ನಿಮಿಷದಲ್ಲಿ, ಅದೂ ಮಳೆಗಾಲದಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಓಡುತ್ತಿರುವಾಗ, ಬ್ಯಾಟರಿಗೆ ಮರಳಿ ಸೇರುವುದು ಎರಡು ಮೂರು ಆಂಪಿಯರ್-ಅವರ್ ದಾಟುವುದು ಕಷ್ಟ. ವಾರವಿಡೀ ಕಳೆದುಕೊಂಡದ್ದು ಅದರ ಹಲವು ಪಟ್ಟು.

ಹಾಗಾಗಿ ಮೊದಲ ಕೆಲಸ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸುವುದು. ಬ್ಯಾಟರಿ ಅಂಗಡಿಯವರಿಗೆ ಕೊಟ್ಟರೆ, ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು, ಅಂದರೆ ಮೂರೂವರೆ ಆಂಪಿಯರ್‌ನಲ್ಲಿ ನಿಧಾನವಾಗಿ, ರಾತ್ರಿಯಿಡೀ ಚಾರ್ಜ್ ಮಾಡಲು ಹೇಳಿ. ಒಂದೆರಡು ಗಂಟೆಯಲ್ಲಿ ಹೊಡೆದು ಕೊಡುವ ಚಾರ್ಜ್ ಮೇಲ್ಮೇಲಿನದು. ತಂದ ಮೇಲೆ ಕಾರಿಗೆ ಜೋಡಿಸಬೇಡಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟ್ ಅಳೆಯಿರಿ. ಚಾರ್ಜ್ ಮಾಡಿದ ತಕ್ಷಣ ಅಳೆದರೆ 13ರ ಮೇಲೆ ತೋರಿಸಿ ಮೋಸಗೊಳಿಸುತ್ತದೆ. ವಿಶ್ರಾಂತಿಯ ನಂತರ 12.6 ಅಥವಾ ಅದಕ್ಕಿಂತ ತುಸು ಹೆಚ್ಚಿದ್ದರೆ ಪೂರ್ತಿ ತುಂಬಿದೆ ಎಂದರ್ಥ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ. ಬರೀ 0.2 ವೋಲ್ಟ್ ಇಳಿದರೆ ಕಾಲು ಬ್ಯಾಟರಿ ಖಾಲಿಯಾದಂತೆ; ಅದಕ್ಕಾಗಿಯೇ "ಹನ್ನೆರಡು ವೋಲ್ಟ್ ಇದೆ, ಬ್ಯಾಟರಿ ಸರಿಯಿದೆ" ಎನ್ನುವವರ ಮಾತಿಗೆ ಅರ್ಥವಿಲ್ಲ. ಅನಂತರ ನಾಲ್ಕೈದು ದಿನ ಏನನ್ನೂ ಜೋಡಿಸದೆ ಬಿಟ್ಟು ಮತ್ತೆ ಅಳೆಯಿರಿ. 12.5ರಲ್ಲಿ ನಿಂತಿದ್ದರೆ ಬ್ಯಾಟರಿ ನಿರಪರಾಧಿ, ಕಳ್ಳ ಕಾರಿನಲ್ಲಿದ್ದಾನೆ. 12.3ಕ್ಕೋ ಅದರ ಕೆಳಗೋ ಇಳಿದಿದ್ದರೆ ಬ್ಯಾಟರಿಯ ಒಳಗೇ ದೋಷವಿದೆ, ಕಾರನ್ನು ಎಷ್ಟು ರಿಪೇರಿ ಮಾಡಿದರೂ ಅದು ನಿಲ್ಲುವುದಿಲ್ಲ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಇಳಿಯುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಚಿಂತಿಸಬೇಡಿ. ಅದು ಮರದ ಮತ್ತು ಗಟ್ಟಿ ರಬ್ಬರಿನ ಡಬ್ಬಿಗಳ ಕಾಲದ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸುವುದಿಲ್ಲ.

ಬ್ಯಾಟರಿ ನಿರಪರಾಧಿ ಎಂದಾದರೆ ಕಾರಿನ ಸೋರಿಕೆಯನ್ನು ಅಳೆಯಬೇಕು. ಕೀಲಿ ತೆಗೆಯಿರಿ, ಬಾಗಿಲುಗಳನ್ನು ಹಾಕಿ, ಫ್ಯೂಸ್ ಬಾಕ್ಸ್ ಕಡೆಯ ಬಾಗಿಲು ತೆರೆದಿರಬೇಕಾದರೆ ಅದರ ಚೌಕಟ್ಟಿನಲ್ಲಿರುವ ಗುಂಡಿಯ ಸ್ವಿಚ್ಚನ್ನು ಒತ್ತಿ ಟೇಪ್ ಸುತ್ತಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಬಿಚ್ಚುವಾಗ ಯಾವತ್ತೂ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಏಕೆಂದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಇಡೀ ಬ್ಯಾಟರಿಯ ಶಕ್ತಿ ಆ ಸ್ಪ್ಯಾನರ್ ಮೂಲಕ ಹರಿಯುತ್ತದೆ. ಈಗ ನೆಗೆಟಿವ್ ಪೋಸ್ಟ್ ಮತ್ತು ಬಿಚ್ಚಿದ ಕೇಬಲ್ ಇವೆರಡರ ನಡುವೆ ಮೀಟರನ್ನು ಜೋಡಿಸಬೇಕು. ಆದರೆ ನೇರವಾಗಿ ಮೀಟರ್ ಇಡುವ ಮೊದಲು, ಇಂಡಿಕೇಟರಿಗೆ ಹಾಕುವ 21 ವ್ಯಾಟ್ ಬಲ್ಬ್ ಒಂದಕ್ಕೆ ಎರಡು ತಂತಿ ಕಟ್ಟಿ ಅದನ್ನು ಆ ಜಾಗದಲ್ಲಿ ಹಿಡಿದು ನೋಡಿ. ಬಲ್ಬ್ ಉರಿದರೆ, ಮಂದವಾಗಿಯಾದರೂ ಸರಿ, ಸೋರಿಕೆ ಅರ್ಧ ಆಂಪಿಯರ್ ಮಟ್ಟದ್ದು ಅಥವಾ ಅದಕ್ಕೂ ಹೆಚ್ಚಿನದು. ಯಾವುದೋ ದೀಪ ಉರಿಯುತ್ತಿದೆ ಅಥವಾ ರಿಲೇ ಅಂಟಿಕೊಂಡಿದೆ. ಬಲ್ಬ್ ಉರಿಯದಿದ್ದರೆ ಮೀಟರನ್ನು ಧೈರ್ಯವಾಗಿ ಜೋಡಿಸಬಹುದು. ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ತೂತಿಗೆ ಹಾಕಿಯೇ ಆರಂಭಿಸಿ, ಮಿಲಿಆಂಪಿಯರ್ ತೂತಿಗೆ ಅಲ್ಲ; ಅಲ್ಲಿ ಕೂತಿರುವ ಪುಟ್ಟ ಫ್ಯೂಸ್ ಕ್ಷಣದಲ್ಲಿ ಹೋಗುತ್ತದೆ. ಮೀಟರ್ ಜೋಡಿಸಿರುವಾಗ ಕೀಲಿ ತಿರುಗಿಸುವುದಾಗಲಿ, ಸೆಲ್ಫ್ ಹೊಡೆಯುವುದಾಗಲಿ ಕೂಡದು. ಮೀಟರಿನಲ್ಲಿ 0.02 ಎಂದು ಬಂದರೆ 20 ಮಿಲಿಆಂಪಿಯರ್, ಸಂತೋಷ. 0.10, 0.30 ಎಂದು ಬಂದರೆ ಹುಡುಕಾಟ ಶುರು. ಹೊಸ ಕಾರುಗಳಲ್ಲಿ ಒಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಅರ್ಧ ಗಂಟೆ ಕಾಯಬೇಕಾಗುತ್ತದೆ. ನಿಮ್ಮ ಕಾರಿನಲ್ಲಿ ಐದು ನಿಮಿಷದ ನಂತರದ ಅಂಕಿಯನ್ನು ನಂಬಬಹುದು.

ಅನಂತರ ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಅದೇ ಜಾಗಕ್ಕೆ ಹಾಕುತ್ತ ಹೋಗಲಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೆಯೋ ಕಳ್ಳ ಆ ಸಾಲಿನಲ್ಲಿದ್ದಾನೆ. ಫ್ಯೂಸಿನ ಕಾಲುಗಳ ಮೇಲೆ ಹಸಿರು ಕಿಲುಬು ಕಂಡರೆ ಅದೇ ಸಂದರ್ಭದಲ್ಲಿ ಒರೆಸಿ ಹಾಕಿ. ಕಡಲ ಬದಿಯ ಕಾರುಗಳಲ್ಲಿ ಇದು ಸಾಮಾನ್ಯ. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಕದಲದಿದ್ದರೆ ದಾರಿ ಎರಡೇ ಉಳಿಯುತ್ತವೆ: ಫ್ಯೂಸ್ ಬಾಕ್ಸನ್ನು ಬಳಸದೆ ನೇರ ಬ್ಯಾಟರಿಯಿಂದ ಯಾರೋ ಎಳೆದುಕೊಂಡ ತಂತಿ, ಅಥವಾ ಆಲ್ಟರ್ನೇಟರ್.

ನನ್ನ ಮೊದಲ ಅನುಮಾನ ನೇರ ಎಳೆದ ತಂತಿಗಳ ಮೇಲೆಯೇ, ಅದರಲ್ಲೂ ಸ್ಟೀರಿಯೊದ ಮೇಲೆ. ಈ ಕಾರಿಗೆ ಸ್ಟೀರಿಯೊ ಕೂರಿಸಿದ್ದು ಹೆಚ್ಚಾಗಿ ಹೊರಗಿನ ಆಕ್ಸೆಸರಿ ಅಂಗಡಿಯವರು. ಸ್ಟೀರಿಯೊದ ಹಿಂಭಾಗದಿಂದ ಎರಡು ವಿದ್ಯುತ್ ತಂತಿಗಳು ಬರುತ್ತವೆ. ಹಳದಿ ತಂತಿ ಸದಾ ಬ್ಯಾಟರಿಗೆ ಸೇರಿರಬೇಕು, ಅದು ಗಡಿಯಾರವನ್ನೂ ಉಳಿಸಿದ ಸ್ಟೇಷನ್ನುಗಳನ್ನೂ ನೆನಪಿಟ್ಟುಕೊಳ್ಳುವುದಕ್ಕೆ, ಕೆಲವೇ ಮಿಲಿಆಂಪಿಯರ್ ಸಾಕು. ಕೆಂಪು ತಂತಿ ಕೀಲಿಯ ಮೂಲಕ ಬರಬೇಕು, ಕೀಲಿ ತೆಗೆದಾಗ ಸ್ಟೀರಿಯೊ ಪೂರ್ತಿ ಮಲಗುವುದು ಅದು ಸತ್ತಾಗ ಮಾತ್ರ. ಕೀಲಿ ಇಲ್ಲದೆಯೂ ಹಾಡು ಕೇಳುವಂತಾಗಲಿ ಎಂದೋ, ಕೀಲಿಯ ಸಾಲು ಹುಡುಕುವ ಶ್ರಮ ಬೇಡವೆಂದೋ, ಕೂರಿಸುವವರು ಎರಡೂ ತಂತಿಗಳನ್ನು ತಿರುಚಿ ಹಳದಿಯ ಜಾಗಕ್ಕೇ ಕಟ್ಟಿ ಟೇಪ್ ಸುತ್ತಿಬಿಡುತ್ತಾರೆ. ಆಗ ಮುಂಭಾಗದ ಗುಂಡಿಯಿಂದ ಆರಿಸಿದರೂ ಸ್ಟೀರಿಯೊ ಅರೆನಿದ್ದೆಯಲ್ಲೇ ಇರುತ್ತದೆ, ಹತ್ತಾರು ಮಿಲಿಆಂಪಿಯರ್‌ನಿಂದ ನೂರು ಇನ್ನೂರರವರೆಗೂ ಎಳೆಯುತ್ತಿರುತ್ತದೆ. ಜೊತೆಗೆ ಆಂಪ್ಲಿಫೈಯರ್ ಇದ್ದರೆ ಇನ್ನೂ ಹೆಚ್ಚು. ಪರೀಕ್ಷೆ ಸುಲಭ: ಕೀಲಿಯನ್ನು ಕೈಯಲ್ಲಿ ಹಿಡಿದು ಸ್ಟೀರಿಯೊದ ಗುಂಡಿ ಒತ್ತಿ. ಹಾಡಿದರೆ ತಂತಿಗಳು ಹಾಗೆ ಕಟ್ಟಿರುವ ಅನುಮಾನ ಬಲವಾಗುತ್ತದೆ. ಕೆಂಪು ತಂತಿಯನ್ನು ಬಿಡಿಸಿ ಕೀಲಿಯ ಆಕ್ಸೆಸರಿ ಸಾಲಿಗೆ ಕೊಡಿಸಿದರೆ ಕೆಲಸ ಮುಗಿಯಿತು. ಅದು ಯಾವ ಆಟೊ ಎಲೆಕ್ಟ್ರಿಷಿಯನ್ನರಿಗೂ ಅರ್ಧ ಗಂಟೆಯ ಕೆಲಸ. ಆಮೇಲೆ ಹಾಕಿಸಿದ ರಿಮೋಟ್ ಲಾಕ್, ಸಿಗರೇಟ್ ಲೈಟರಿನಲ್ಲೇ ಉಳಿದುಹೋದ ಮೊಬೈಲ್ ಚಾರ್ಜರ್, ಎಂದೋ ಹಾಕಿಸಿ ಈಗ ಮರೆತಿರುವ ಟ್ರ್ಯಾಕರ್, ಇವೂ ಇದೇ ಗುಂಪಿನವು. ಭಾವನ ಬೊಲೆರೊದ ರಹಸ್ಯವೂ ಬಹುಶಃ ಇಷ್ಟೇ: ಡೀಸೆಲ್ ಗಾಡಿಗೆ ಬ್ಯಾಟರಿ ನಿಮ್ಮದಕ್ಕಿಂತ ಬಹಳ ದೊಡ್ಡದು, ಮತ್ತು ಅದರ ವೈರಿಂಗಿಗೆ ಹೊರಗಿನವರ ಕೈ ಕಡಿಮೆ ತಗುಲಿರಬೇಕು.

ಉರಿಯುವ ದೀಪಗಳ ವಿಷಯದಲ್ಲಿ ಲೆಕ್ಕ ಇನ್ನೂ ಕ್ರೂರ. ಐದು ವ್ಯಾಟಿನ ಒಂದು ಪುಟ್ಟ ಒಳದೀಪ ದಿನಕ್ಕೆ 10 ಆಂಪಿಯರ್-ಅವರ್ ತಿನ್ನುತ್ತದೆ, ಮೂರೂವರೆ ದಿನದಲ್ಲಿ ನಿಮ್ಮ ಬ್ಯಾಟರಿ ಪೂರ್ತಿ ಖಾಲಿ. ಬ್ರೇಕ್ ಲೈಟುಗಳಾದರೆ ಎರಡೂ ಸೇರಿ 42 ವ್ಯಾಟ್, ಹತ್ತು ಗಂಟೆ ಸಾಕು. ನಿಮ್ಮ ಕಾರು ವಾರದ ನಂತರವೂ ಹೇಗೋ ತಿರುಗುವುದರಿಂದ ಸದಾ ಉರಿಯುವ ದೀಪ ಇರಲಾರದು. ಆದರೆ ಉಪ್ಪುಗಾಳಿಗೆ ತುಕ್ಕು ಹಿಡಿದ ಬಾಗಿಲಿನ ಸ್ವಿಚ್ ಕೆಲವೊಮ್ಮೆ ಅಂಟಿಕೊಂಡು ಕೆಲವೊಮ್ಮೆ ಬಿಡುತ್ತದೆ, ಮತ್ತು ಹಳೆಯ ಕಾರುಗಳಲ್ಲಿ ಬ್ರೇಕ್ ಪೆಡಲ್ ಸ್ವಿಚ್ಚಿನ ಎದುರಿಗಿರುವ ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ಪುಡಿಯಾಗಿ ಬಿದ್ದು ಬ್ರೇಕ್ ಲೈಟ್ ಉರಿಯುತ್ತಲೇ ಉಳಿಯುವುದುಂಟು. ಚಾಲಕನ ಕಾಲಿನ ಬಳಿ ಮ್ಯಾಟ್ ಮೇಲೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಕಂಡರೆ ಅದನ್ನು ಗುಡಿಸಿ ಎಸೆಯುವ ಮೊದಲು ಹಿಂದಿನ ದೀಪ ನೋಡಿ. ರಾತ್ರಿ ಶೆಡ್ಡಿನ ಬಲ್ಬ್ ಆರಿಸಿ ಕಾರನ್ನು ಒಂದು ಸುತ್ತು ಹಾಕಿ ಬರುವುದು ಯಾವ ಮೀಟರಿಗೂ ಕಡಿಮೆಯಿಲ್ಲದ ಪರೀಕ್ಷೆ.

ಈಗ ಆಲ್ಟರ್ನೇಟರ್. ನಮ್ಮ ಕಡೆಯ ಅನೇಕ ಗ್ಯಾರೇಜುಗಳಲ್ಲಿ ಇದನ್ನು ಈಗಲೂ ಡೈನಮೋ ಎಂದೇ ಕರೆಯುತ್ತಾರೆ. ಅದರ ದಪ್ಪ ತಂತಿ ಕೀಲಿಯ ಹಂಗಿಲ್ಲದೆ ಸದಾ ಬ್ಯಾಟರಿಗೆ ಸೇರಿರುತ್ತದೆ. ನಿಂತಾಗ ವಿದ್ಯುತ್ತು ಹಿಮ್ಮುಖವಾಗಿ ಹರಿಯದಂತೆ ತಡೆಯುವುದು ಒಳಗಿರುವ ಡಯೋಡುಗಳು ಮಾತ್ರ. ಅವುಗಳಲ್ಲಿ ಒಂದು ಸೋರತೊಡಗಿದರೂ ಬ್ಯಾಟರಿ ಇಳಿಯುತ್ತದೆ. ಆದ್ದರಿಂದ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಅಸಾಧ್ಯವಲ್ಲ, ಆದರೆ ಬದಲಿಸುವ ಮೊದಲು ಸಾಬೀತುಪಡಿಸಲು ಹೇಳಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರಿನ ಹಿಂದಿನ ದಪ್ಪ ತಂತಿಯ ನಟ್ ತೆಗೆದು, ತಂತಿಯ ತುದಿಗೆ ಟೇಪ್ ಸುತ್ತಿ, ಮೀಟರನ್ನು ಮತ್ತೆ ಮೊದಲಿನಂತೆ ಜೋಡಿಸಿದರೆ ಸಾಕು. ಮೊದಲು 0.10 ಇದ್ದದ್ದು ಈಗ 0.02ಕ್ಕೆ ಇಳಿದರೆ ಆಲ್ಟರ್ನೇಟರ್ ಅಪರಾಧಿ, ಆಗಲೂ ಡಯೋಡ್ ಪ್ಲೇಟ್ ಮಾತ್ರ ಬದಲಿಸಿ ಕೊಡುವವರು ಸಿಗುತ್ತಾರೆಯೇ ಎಂದು ವಿಚಾರಿಸಿ. ಇಳಿಯದಿದ್ದರೆ ಅದನ್ನು ಬದಲಿಸುವುದು ವ್ಯರ್ಥ ಖರ್ಚು. ಅದು ಚಾರ್ಜ್ ಮಾಡುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು, ಹೆಡ್‌ಲೈಟ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ 13.5ಕ್ಕಿಂತ ಕೆಳಗೆ ಬರಬಾರದು.

ಇಲ್ಲಿಯೇ ತಳ್ಳಿ ಸ್ಟಾರ್ಟ್ ಮಾಡುವ ವಿಷಯವನ್ನೂ ಹೇಳಬೇಕು. ಪೂರ್ತಿ ಇಳಿದ ಬ್ಯಾಟರಿಯನ್ನು ಹೊತ್ತು ಓಡುವಾಗ ಆಲ್ಟರ್ನೇಟರ್ ತನ್ನ ಗರಿಷ್ಠ ಸಾಮರ್ಥ್ಯದಲ್ಲಿ ದುಡಿಯಬೇಕಾಗುತ್ತದೆ, ಡಯೋಡುಗಳು ಬಿಸಿಯಾಗುತ್ತವೆ. ಪದೇ ಪದೇ ಹಾಗೆ ಮಾಡಿದರೆ ಚೆನ್ನಾಗಿದ್ದ ಆಲ್ಟರ್ನೇಟರೂ ಕೆಡಬಹುದು. ಅಂದರೆ ಆಲ್ಟರ್ನೇಟರ್ ದೋಷವೇ ಸಿಕ್ಕರೂ ಅದು ಮೂಲ ಕಾರಣವಾಗಿರದೆ, ಮೂಲ ಕಾರಣದ ಫಲವಾಗಿರಬಹುದು. ಅದನ್ನು ಬದಲಿಸಿದ ಮೇಲೂ ಸೋರಿಕೆಯನ್ನು ಇನ್ನೊಮ್ಮೆ ಅಳೆಯಿರಿ. ಇಂಜೆಕ್ಷನ್ ಇರುವ ನಿಮ್ಮ ಕಾರಿಗೆ ಪೆಟ್ರೋಲ್ ಪಂಪ್ ಮತ್ತು ಕಂಪ್ಯೂಟರ್ ಎದ್ದೇಳಲೂ ಬ್ಯಾಟರಿ ಬೇಕಾದ್ದರಿಂದ, ತೀರ ಇಳಿದ ದಿನ ಎಷ್ಟು ತಳ್ಳಿದರೂ ಪ್ರಯೋಜನವಾಗದು. ಬೇರೆ ಗಾಡಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದು ಒಳ್ಳೆಯದು: ಮೊದಲು ಪಾಸಿಟಿವಿಗೆ ಪಾಸಿಟಿವ್, ಬಳಿಕ ಆ ಗಾಡಿಯ ನೆಗೆಟಿವ್‌ನಿಂದ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಇಳಿದ ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು, ಅಲ್ಲಿ ಹೈಡ್ರೋಜನ್ ಅನಿಲವಿರುತ್ತದೆ.

ಉಪ್ಪುಗಾಳಿಗೆ ಮದ್ದಿಲ್ಲ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಯಾಟರಿಯ ಮುಚ್ಚಳದ ಮೇಲೆ ಸೋರಿದ ಆಮ್ಲದ ತೇವ, ಧೂಳು, ಕಡಲಿನ ಉಪ್ಪು ಸೇರಿ ತೆಳುವಾದ ಒಂದು ಪದರ ಕಟ್ಟುತ್ತದೆ, ಅದರ ಮೂಲಕ ಎರಡು ಟರ್ಮಿನಲ್‌ಗಳ ನಡುವೆ ವಿದ್ಯುತ್ತು ಸದಾ ತೆವಳುತ್ತಿರುತ್ತದೆ. ನೋಡಬೇಕೆಂದರೆ ಮೀಟರನ್ನು ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ನೆಗೆಟಿವ್ ಪೋಸ್ಟಿಗೆ ಒತ್ತಿ, ಕೆಂಪು ಕಡ್ಡಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮೆಲ್ಲಗೆ ಎಳೆಯಿರಿ. ಒಣಗಿದ ಸ್ವಚ್ಛ ಪ್ಲಾಸ್ಟಿಕ್ ಮೇಲೆ ಏನೂ ಬರಬಾರದು. ಮಳೆಗಾಲದಲ್ಲಿ ಪಾಸಿಟಿವ್ ಕಡೆಗೆ ಸರಿದಂತೆ ಎರಡು, ಮೂರು, ಐದು ವೋಲ್ಟ್ ಎಂದು ಅಂಕಿ ಏರುತ್ತ ಹೋಗುವುದನ್ನು ನೀವೇ ಕಾಣಬಹುದು. ಇದನ್ನು ಕಂಡು ಗಾಬರಿಯಾಗಬೇಡಿ, ಮೀಟರು ಅತಿ ಸಣ್ಣ ಸೋರಿಕೆಗೂ ಸ್ಪಂದಿಸುತ್ತದೆ. ಆ ಪದರದಿಂದ ಹೋಗುವುದು ಸಾಮಾನ್ಯವಾಗಿ ಕೆಲವೇ ಮಿಲಿಆಂಪಿಯರ್. ಹತ್ತು ದಿನದಲ್ಲಿ ಬ್ಯಾಟರಿ ಮಲಗಿಸುವ ಶಕ್ತಿ ಅದಕ್ಕಿಲ್ಲ. ಆದರೆ ಒರೆಸುವುದಕ್ಕೆ ಖರ್ಚೂ ಇಲ್ಲ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ, ಸೆಲ್ಲುಗಳ ಮುಚ್ಚಳ ಬಿಗಿಯಾಗಿರುವುದನ್ನು ನೋಡಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೊರೆ ಬರುವುದು ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಸೋಡಾ ನೀರು ಸೆಲ್ಲಿನೊಳಗೆ ಒಂದು ಹನಿಯೂ ಹೋಗಬಾರದು. ಕ್ಲಾಂಪುಗಳನ್ನು ಬಿಗಿ ಮಾಡಿದ ನಂತರ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವುದು ತಪ್ಪು ಕ್ರಮ.

ಉಪ್ಪುಗಾಳಿ ನಿಜವಾಗಿ ಹಾನಿ ಮಾಡುವುದು ಅರ್ಥ್ ಕೇಬಲ್ಲಿಗೆ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ಆ ಕಪ್ಪು ತಂತಿಯ ತುದಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ತಾಮ್ರ ಹಸಿರಾಗಿ ಪುಡಿಯಾಗುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ತಂತಿ ಸರಿಯಾಗಿಯೇ ಕಾಣುತ್ತದೆ. ಆಗಲೂ ಸೆಲ್ಫ್ ಹೊಡೆದಾಗ ಟಕ್ ಟಕ್ ಸದ್ದೇ ಬರುತ್ತದೆ, ಬ್ಯಾಟರಿ ಇಳಿದಿದೆ ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ. ಆದ್ದರಿಂದ ಮುಂದಿನ ಸಲ ಆ ಸದ್ದು ಬಂದಾಗ ಯಾರನ್ನೂ ಕರೆಯುವ ಮೊದಲು ಬ್ಯಾಟರಿಯ ವೋಲ್ಟ್ ನೋಡಿ. 11.8 ಇದ್ದರೆ ನಿಜವಾಗಿಯೂ ಇಳಿದಿದೆ. 12.5 ಇದ್ದರೆ, ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮತ್ತು ಎಂಜಿನ್ನಿನ ಲೋಹದ ನಡುವೆ ವೋಲ್ಟ್ ಅಳೆಯಲಿ. ಅಲ್ಲಿ ಅರ್ಧ ವೋಲ್ಟ್ ಅಥವಾ ಹೆಚ್ಚು ಕಂಡರೆ ಕೇಬಲ್ ಬದಲಿಸಿ, ಅದು ಹೊಸ ಬ್ಯಾಟರಿಯ ಬೆಲೆಯ ಸಣ್ಣ ಪಾಲು ಅಷ್ಟೇ.

ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸುವುದು ಬೇಡ. ಒಂದು ಸಲ ಸ್ಟಾರ್ಟ್ ಮಾಡಲು ಖರ್ಚಾಗುವುದು ಬಹಳ ಸಣ್ಣ ಪ್ರಮಾಣ, ಅದು ಒಂದೆರಡು ನಿಮಿಷದಲ್ಲಿ ಮರಳಿ ಬರುತ್ತದೆ ನಿಜ. ಆದರೆ ವಾರವಿಡೀ ಸೋರಿಹೋದ ಹದಿನೇಳು ಆಂಪಿಯರ್-ಅವರ್ ಐದು ನಿಮಿಷದ ಐಡ್ಲಿಂಗಿನಲ್ಲಿ ಬರುವುದಿಲ್ಲ, ಒಂದು ಬಂದರೂ ಹೆಚ್ಚು. ಅಲ್ಲದೆ ತಣ್ಣಗಿನ ಎಂಜಿನ್ನಿನಿಂದ ಹುಟ್ಟಿದ ನೀರು ಸೈಲೆನ್ಸರಿನಲ್ಲೇ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ತೆಗೆಯುವುದಾದರೆ ಅಂಕೋಲಾದವರೆಗೆ ಹೋಗಿ ಬರುವಷ್ಟು, ಅಂದರೆ ಒಂದು ಗಂಟೆಗೂ ಮಿಕ್ಕಿ ಓಡಿಸಿ. ಬ್ರೇಕಿಗೂ ಟೈರಿಗೂ ಅದು ಒಳ್ಳೆಯದು. ಅಷ್ಟು ತಿರುಗಾಟ ಬೇಡವಾದರೆ, ಪೂರ್ತಿ ತುಂಬಿದಾಗ ತಾನಾಗಿಯೇ ಇಳಿವೋಲ್ಟಿಗೆ ಬಂದು ನಿಲ್ಲುವ ಸ್ವಯಂಚಾಲಿತ ಚಾರ್ಜರನ್ನು ತಿಂಗಳಿಗೊಮ್ಮೆ ರಾತ್ರಿ ಹಾಕಿಡಬಹುದು. ಡ್ಯಾಶ್‌ಬೋರ್ಡಿನ ಮೇಲಿಡುವ ಪುಟ್ಟ ಸೋಲಾರ್ ಫಲಕಗಳನ್ನು ನಮ್ಮ ಕರಾವಳಿಯಲ್ಲಿ ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಟರಿಗೆ ಸಹಾಯ ಬೇಕಾಗುವ ಜೂನ್‌ನಿಂದ ಸೆಪ್ಟೆಂಬರ್ ತಿಂಗಳುಗಳಲ್ಲೇ ಅವು ಮಲಗಿರುತ್ತವೆ, ಅದರಲ್ಲೂ ತಗಡಿನ ಶೆಡ್ಡಿನಡಿಯಲ್ಲಿ ಕೇಳುವುದೇ ಬೇಡ.

ದೊಡ್ಡ ಬ್ಯಾಟರಿ ಹಾಕುವುದು ಸೋರುವ ಹಂಡೆಯ ಬದಲು ದೊಡ್ಡ ಸೋರುವ ಹಂಡೆ ತಂದಂತೆ. ಹತ್ತು ದಿನದ ಬದಲು ಹದಿಮೂರು ದಿನಕ್ಕೆ ಇಳಿಯುತ್ತದೆ, ನಿಮ್ಮ ಸಣ್ಣ ಓಡಾಟದಲ್ಲಿ ಅದು ಪೂರ್ತಿ ತುಂಬುವುದು ಇನ್ನೂ ಕಷ್ಟವಾಗುತ್ತದೆ.

ಟರ್ಮಿನಲ್ ಬಿಚ್ಚಿಡುವುದಕ್ಕೆ ಅಡ್ಡಿಯಿಲ್ಲ, ನಿಮ್ಮ ಬಳಕೆಗೆ ಅದೇ ಅತ್ಯುತ್ತಮ ಅಭ್ಯಾಸ. ನೆಗೆಟಿವ್ ಕ್ಲಾಂಪಿನ ನಟ್ ಸಡಿಲಿಸಿ ಪಕ್ಕಕ್ಕೆ ಸರಿಸಿ ಒಂದು ಬಟ್ಟೆ ಸುತ್ತಿಟ್ಟರೆ ಸಾಕು. ರೇಡಿಯೊದ ಗಡಿಯಾರ ಅಳಿಸಿಹೋಗುತ್ತದೆ, ಮತ್ತೆ ಜೋಡಿಸಿದ ಮೇಲೆ ಮೊದಲ ಕೆಲವು ನಿಮಿಷ ಐಡ್ಲಿಂಗ್ ತುಸು ಏರುಪೇರಾಗಬಹುದು, ಅಷ್ಟೇ. ರಿಮೋಟ್ ಲಾಕ್ ಇದ್ದರೆ ಜೋಡಿಸಿದ ಕ್ಷಣದಲ್ಲಿ ಬಾಗಿಲುಗಳು ತಾವೇ ಲಾಕ್ ಆಗುವುದುಂಟು, ಆದ್ದರಿಂದ ಕೀಲಿಯನ್ನು ಒಳಗೆ ಬಿಡದೆ ಜೇಬಿನಲ್ಲಿಟ್ಟುಕೊಳ್ಳಿ. ತಿರುಪಿನ ಗುಂಡಿಯಿರುವ ಕಟ್-ಆಫ್ ಸ್ವಿಚ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಅಗ್ಗದವು ಸಮುದ್ರದ ಹತ್ತಿರ ಬೇಗ ಕಿಲುಬಿ ತಾವೇ ಹೊಸ ತೊಂದರೆಯಾಗುತ್ತವೆ. ನಾನಾದರೆ ಸ್ಪ್ಯಾನರನ್ನೇ ಶೆಡ್ಡಿನ ಮೊಳೆಗೆ ತೂಗುಹಾಕುತ್ತೇನೆ. ಒಂದು ಷರತ್ತು ಮಾತ್ರ ಇದೆ: ಸೋರಿಕೆ ಎಲ್ಲಿ ಎಂದು ಪತ್ತೆಯಾಗುವ ಮೊದಲು ಸ್ವಿಚ್ ಹಾಕಿ ಸುಮ್ಮನಾಗಬೇಡಿ. ಕಾರಣ ಇಲಿ ಕಚ್ಚಿದ ತಂತಿಯಾಗಿದ್ದರೆ ಅದು ನಾಳೆ ಬಾಡಿಗೆ ತಗುಲಿ ಬೆಂಕಿಗೂ ಕಾರಣವಾಗಬಹುದು, ಮತ್ತು ಓಡುತ್ತಿರುವ ಕಾರಿಗೆ ನಿಮ್ಮ ಸ್ವಿಚ್ ರಕ್ಷಣೆ ಕೊಡುವುದಿಲ್ಲ. ಮಳೆಗಾಲದಲ್ಲಿ ಬಾನೆಟ್ ಕೆಳಗಿನ ಬೆಚ್ಚಗಿನ ಜಾಗ ಇಲಿಗಳಿಗೆ ಬಹಳ ಪ್ರಿಯ. ಏರ್ ಫಿಲ್ಟರ್ ಡಬ್ಬಿಯ ಸುತ್ತ ಮತ್ತು ಫ್ಯೂಸ್ ಬಾಕ್ಸ್ ಹಿಂದೆ ಹಿಕ್ಕೆ, ಹತ್ತಿಯ ಚೂರು ಕಾಣುತ್ತವೆಯೇ ನೋಡಿ.

ಕೊನೆಗೆ ಶೆಡ್ಡಿನಲ್ಲಿರುವ ಎರಡನೆಯ ಬ್ಯಾಟರಿ. ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಅದು ಸುಲಭಕ್ಕೆ ಕರಗುವುದಿಲ್ಲ. ಆದರೂ ಸೋರಿಕೆ ಕಾರಿನದೇ ಎಂದು ಸಾಬೀತಾದರೆ ಆ ಬ್ಯಾಟರಿಗೆ ಒಂದು ಅವಕಾಶ ಕೊಡಬಹುದು. ಸೆಲ್ಲುಗಳಲ್ಲಿ ಫಲಕ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಗಾಳಿಯಾಡುವ ಜಾಗದಲ್ಲಿ ಎರಡು ಆಂಪಿಯರ್‌ನಂಥ ಕಡಿಮೆ ವಿದ್ಯುತ್ತಿನಲ್ಲಿ ಇಡೀ ದಿನ ಚಾರ್ಜ್ ಮಾಡಿಸಿ, ಆಮ್ಲದ ಸಾಂದ್ರತೆ ತೋರಿಸುವ ಅಂಗಡಿಯವರ ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳನ್ನು ಅಳೆಯಲು ಹೇಳಿ. ಎಲ್ಲವೂ 1.240ರ ಮೇಲೆ ಒಂದೇ ಸಮನಾಗಿ ಬಂದರೆ ಅದನ್ನು ಮೀಸಲಾಗಿ ಇಟ್ಟುಕೊಳ್ಳಿ. ಐದು 1.240 ತೋರಿಸಿ ಆರನೆಯದು 1.180ರಲ್ಲೇ ನಿಂತರೆ ಆ ಸೆಲ್ ಹೋಗಿದೆ, ರಿಪೇರಿಯ ಮಾತು ಬೇಡ. ಗುಜರಿಯವರಿಗೆ ಆಮ್ಲ ಚೆಲ್ಲಿಸಿ ಕೊಡುವ ಬದಲು ಬ್ಯಾಟರಿ ಮಾರುವ ಅಂಗಡಿಗೇ ಹಿಂತಿರುಗಿಸಿ; ಸೀಸಕ್ಕೆ ಬೆಲೆ ಇರುವುದರಿಂದ ಮುಂದೆಂದಾದರೂ ಹೊಸದು ಕೊಳ್ಳುವಾಗ ಅಷ್ಟು ಕಡಿತ ಸಿಗುತ್ತದೆ. ಆ ದಿನ ಹೊಸ ಬ್ಯಾಟರಿಯ ಮೇಲಿನ ತಯಾರಿಕೆಯ ತಿಂಗಳನ್ನು ಓದಿಸಿಕೊಳ್ಳಿ, ಆರು ತಿಂಗಳಿನಿಂದ ಕಪಾಟಿನಲ್ಲಿ ಕೂತದ್ದನ್ನು ಬೇಡವೆನ್ನಿ.